ಕೆರೆ ಏರಿಯವರೆಗೆ ಪಿಳ್ಳಮ್ಮನ ಜೊತೆ

ಪುಷ್ಯದ ಚಳಿ. ಬೆಳಗಿನ ಆರು ಗಂಟೆಗೆ ಇನ್ನೂ ಕಾಲು ಗಂಟೆ ಬಾಕಿ. ಡೆಂಕಣಿಕೋಟೆಯಿಂದ ಅಂಚೆಟ್ಟಿಯ ಕಡೆಗೆ ನಾಲ್ಕು ಮೈಲಿ ಹೋದರೆ ಎಡಕ್ಕೆ ಹಳೆಯ ಹೆಂಚಿನ ಕಟ್ಟಡವೊಂದು ಸಿಗುತ್ತದೆ. ಸುತ್ತಲಿನ ಹಳ್ಳಿಯವರು ಅದನ್ನು ಈಗಲೂ ‘ಕೆಮ್ಮಿನ ಆಸ್ಪತ್ರೆ’ ಎಂದೇ ಕರೆಯುತ್ತಾರೆ. ಕೆಮ್ಮಿನವರು ಅಲ್ಲಿಂದ ಹೋಗಿ ಹತ್ತು ವರ್ಷವಾಯಿತು. ಈಗ ಅಲ್ಲಿರುವುದು ಮನಸ್ಸು ಸೋತವರು, ನಿದ್ದೆ ಕಳೆದುಕೊಂಡವರು, ಬೆಂಗಳೂರಿನ ದೊಡ್ಡಾಸ್ಪತ್ರೆಯಿಂದ ಹೊರಬಿದ್ದರೂ ಮನೆಗೆ ಹೋಗುವಷ್ಟು ಧೈರ್ಯ ಇನ್ನೂ ಬಾರದವರು.

ಜಗಲಿಯ ಮೇಲೆ ಪಿಳ್ಳಮ್ಮ ನಿಂತಿದ್ದಾರೆ. ತಲೆಯ ಮೇಲೆ ಕಂಬಳಿಯ ಕೊಪ್ಪೆ, ಕಾಲಿಗೆ ಟೈರಿನ ಚಪ್ಪಲಿ, ಕೈಯಲ್ಲಿ ಎದೆಯೆತ್ತರದ ಬಿದಿರು ಕೋಲು. ಒಳಗಿನಿಂದ ಒಬ್ಬೊಬ್ಬರೇ ಹೊರಗೆ ಬರುತ್ತಾರೆ. ಬಂದವರ ಭುಜವನ್ನು ಪಿಳ್ಳಮ್ಮ ಒಮ್ಮೆ ಮುಟ್ಟುತ್ತಾರೆ, ಹೆಸರು ಹಿಡಿದು ಮಾತಾಡಿಸುತ್ತಾರೆ. ಧರ್ಮಪುರಿ ಕಡೆಯ ನಿವೃತ್ತ ಮೇಷ್ಟರಿಗೆ “ವಾತ್ತಿಯಾರೇ, ಸ್ವೆಟರ್ ಎಂಗೆ?” ಎಂದು ತಮಿಳಿನಲ್ಲಿ, ಸ್ವೆಟರ್ ಎಲ್ಲಿ ಎಂದು. ಮಂಡಿ ನೋವಿನ ಹೆಂಗಸಿಗೆ “ಮೆಲ್ಲಗಾ ರಾ ತಲ್ಲೀ” ಎಂದು ತೆಲುಗಿನಲ್ಲಿ. ಮಿಕ್ಕವರಿಗೆಲ್ಲ ತಮ್ಮ ಊರಿನ ಕನ್ನಡ. ಭುಜ ಮುಟ್ಟುವುದು ಪ್ರೀತಿಗೆ ಮಾತ್ರ ಅಲ್ಲ. ಅದು ಲೆಕ್ಕ. ಇವತ್ತು ಹತ್ತೊಂಬತ್ತು.

ಸಾಲು ಹೊರಡುತ್ತದೆ. ಗೇಟು ದಾಟಿ, ಹುಣಸೆ ತೋಪು ಬಳಸಿ, ಹೊಲಗಳ ಬದುವಿನ ಮೇಲೆ ಒಂದೂಕಾಲು ಮೈಲಿ ನಡೆದರೆ ಕೆರೆ. ಹುಲ್ಲಿನ ಮೇಲಿನ ಇಬ್ಬನಿಗೆ ಎಲ್ಲರ ಕಾಲೂ ಒದ್ದೆ. ತೋಪಿನ ಕೊನೆಯಲ್ಲಿ ದಾರಿಗೆ ಅಡ್ಡವಾಗಿ ಆನೆ ಲದ್ದಿ ಬಿದ್ದಿದೆ. ಪಿಳ್ಳಮ್ಮ ಕೋಲಿನಿಂದ ಅದನ್ನು ಬಿಡಿಸಿ ನೋಡುತ್ತಾರೆ, ಬಗ್ಗಿ ಅಂಗೈ ಹಿಡಿದು ಬಿಸಿ ಇದೆಯೇ ಎಂದು ಪರೀಕ್ಷಿಸುತ್ತಾರೆ.

“ನಿನ್ನೆ ಸಂಜೇದು. ನಡೀರಿ,” ಎನ್ನುತ್ತಾರೆ. ಸಾಲು ನಡೆಯುತ್ತದೆ.

ಏರಿ ಹತ್ತಿದ ಮೇಲೆ ಯಾರೂ ಯಾರಿಗೂ ಏನೂ ಹೇಳುವುದಿಲ್ಲ. ವ್ಯಾಯಾಮವಿಲ್ಲ, ಭಜನೆಯಿಲ್ಲ, ಉಪದೇಶವಿಲ್ಲ. ಒಬ್ಬೊಬ್ಬರೂ ತಮಗೆ ಒಗ್ಗಿದ ಜಾಗ ನೋಡಿಕೊಂಡು ಕೂರುತ್ತಾರೆ. ನೀರಿನ ಮೇಲಿನ ಮಂಜು ನಿಧಾನವಾಗಿ ಎದ್ದು ಹೋಗುತ್ತದೆ. ಜೊಂಡಿನ ನಡುವೆ ನೀರುಕೋಳಿಗಳು ಕೂಗುತ್ತವೆ. ಅರ್ಧ ಗಂಟೆ ಕಳೆದು ಎದುರಿನ ಗುಡ್ಡದ ಮೇಲೆ ಬಿಸಿಲು ಬಿದ್ದಾಗ ಪಿಳ್ಳಮ್ಮ ಏಳುತ್ತಾರೆ. ಮತ್ತೆ ಭುಜ ಮುಟ್ಟುತ್ತಾರೆ. ಹತ್ತೊಂಬತ್ತು.

“ಇಲ್ಲಿಗೆ ಬಂದು ನಾನು ಏನೂ ಮಾಡ್ಸಲ್ಲ ಸ್ವಾಮಿ,” ಎನ್ನುತ್ತಾರೆ ಇಳಿಯುತ್ತ, ಜೊತೆಗೆ ಬಂದ ನನಗೆ. “ಕರ್ಕೊಂಡು ಬತ್ತೀನಿ, ಕರ್ಕೊಂಡು ಹೋಯ್ತೀನಿ. ಮಿಕ್ಕಿದ್ದು ಅವ್ರಿಗೂ ಕೆರೆಗೂ ಬುಟ್ಟಿದ್ದು.”

ಈ ಆರೈಕೆ ಮನೆಯ ದಾಖಲೆಯಲ್ಲಿ ಪಿಳ್ಳಮ್ಮ ‘ತೋಟದ ಕೂಲಿ’. ವಯಸ್ಸು ಐವತ್ತೇಳು. ಅಂಚೆಟ್ಟಿಯಿಂದಾಚೆ ಕಾಡಿನ ನಡುವಿನ ನಾಟ್ರಾಂಪಾಳ್ಯದವರು. ಅಲ್ಲಿ ಅವರ ಮನೆತನಕ್ಕೆ ಮೂರು ಎಕರೆ ಮಳೆ ನಂಬಿದ ಹೊಲವಿತ್ತು. ರಾಗಿ, ಅವರೆ, ಹುಚ್ಚೆಳ್ಳು ಬೆಳೆಯುತ್ತಿದ್ದರು. ೧೯೭೨ರಲ್ಲಿ ಗಂಡ ದಾಸಪ್ಪನವರಿಗೆ ಕ್ಷಯ ಅಂಟಿತು. ಗಾಡಿಯಲ್ಲಿ ಮಲಗಿಸಿಕೊಂಡು ಒಂದು ಹಗಲೆಲ್ಲ ಪ್ರಯಾಣ ಮಾಡಿ ಇಲ್ಲಿಗೆ ಕರೆತಂದರು. ಮಗಳು ಅಂಜಮ್ಮನಿಗೆ ಆಗಲೇ ಮದುವೆಯಾಗಿತ್ತು, ಹೊಲವನ್ನು ಅವಳ ಮನೆಯವರಿಗೆ ಒಪ್ಪಿಸಿ ಪಿಳ್ಳಮ್ಮ ಗಂಡನ ಜೊತೆಗೇ ಉಳಿದರು.

ಆ ಕಾಲವನ್ನು ನೆನೆದರೆ ಅವರ ಮಾತು ಮೆತ್ತಗಾಗುತ್ತದೆ. ಆಗ ಕರೆಂಟು ಬಂದಿರಲಿಲ್ಲ. ದಿನಕ್ಕೆ ಎರಡೇ ಬಸ್ಸು. ಹಿತ್ತಲಿನ ದೊಡ್ಡ ಬಾವಿಯಲ್ಲಿ ಕಪಿಲೆ ಹೊಡೆಯುತ್ತಿದ್ದರು. ಎರಡು ಬಿಳಿ ಎತ್ತು ಇಳಿಜಾರಿನಲ್ಲಿ ಹಗ್ಗ ಜಗ್ಗಿಕೊಂಡು ಇಳಿದರೆ ತೊಗಲಿನ ಚೀಲ ತುಂಬಿ ಮೇಲೆ ಬಂದು ತೊಟ್ಟಿಗೆ ಧೋ ಎಂದು ಸುರಿಯುತ್ತಿತ್ತು. ಕಪಿಲೆ ಹೊಡೆಯುವ ರಾಮಾಂಜಿನಪ್ಪ ಎತ್ತುಗಳ ಜೊತೆ ಹಾಡಿಕೊಂಡೇ ಹಿಂದೆ ಮುಂದೆ ನಡೆಯುತ್ತಿದ್ದ. ಆ ಹಾಡು, ರಾಟೆಯ ಕಿರುಗುಟ್ಟುವ ಸದ್ದು, ನೀರು ಬೀಳುವ ಸದ್ದು ಮೂರೂ ಸೇರಿ ಬೆಳಗಾಗುತ್ತಿತ್ತು.

ದಾಸಪ್ಪನವರು ದೊಡ್ಡ ಕೋಣೆಯಲ್ಲಿ ಹನ್ನೊಂದು ಜನರ ಜೊತೆ ಮಲಗಿರುತ್ತಿದ್ದರು. ದಿನಾ ಸೂಜಿ, ಮಾತ್ರೆ. ಕೆಮ್ಮು ಇಳಿಮುಖವಾದರೂ ಊಟ ಸೇರುತ್ತಿರಲಿಲ್ಲ. ಮಾತು ನಿಲ್ಲಿಸಿದ್ದರು. ಒಂದು ದಿನ ಯಾರನ್ನೂ ಕೇಳದೆ ಪಿಳ್ಳಮ್ಮ, ರಾಮಾಂಜಿನಪ್ಪನ ನೆರವಿನಿಂದ ಗಂಡನ ಮಂಚವನ್ನು ಎತ್ತಿ ತಂದು ಬಾವಿಯ ಹತ್ತಿರದ ಹೊಂಗೆ ಮರದ ಕೆಳಗೆ ಹಾಕಿದರು. ಆಗಿನ್ನೂ ಹೊಸದಾಗಿ ಬಂದಿದ್ದ ಡಾಕ್ಟರು ನರಸಿಂಹಪ್ಪನವರು ಸಿಟ್ಟಾದರು. ಆದರೂ ಮಂಚ ಅಲ್ಲೇ ಉಳಿಯಿತು, ಯಾಕೆಂದರೆ ಅವತ್ತು ಮಧ್ಯಾಹ್ನ ದಾಸಪ್ಪ ಒಂದು ಮುದ್ದೆ ಪೂರಾ ಉಂಡಿದ್ದರು. ಕಪಿಲೆಯ ಎತ್ತುಗಳನ್ನು ನೋಡಿ, ಬಲಗಡೆಯದಕ್ಕೆ ಗೊರಸು ನೋಯುತ್ತಿದೆ ಎಂದು ರಾಮಾಂಜಿನಪ್ಪನಿಗೆ ಹೇಳಿದ್ದರು. ಎರಡು ತಿಂಗಳಲ್ಲಿ ಅವರು ಆಡಿದ ಮೊದಲ ಮಾತು ಅದು.

ದಾಸಪ್ಪ ಉಳಿಯಲಿಲ್ಲ. ಹನ್ನೊಂದು ತಿಂಗಳ ಮೇಲೆ ಒಂದು ಮಳೆಗಾಲದಲ್ಲಿ ತೀರಿಕೊಂಡರು. ಈ ಸಂಗತಿಯನ್ನು ಪಿಳ್ಳಮ್ಮ ಮುಚ್ಚಿಡುವುದಿಲ್ಲ. ಮರಗಿಡಗಳಿಂದ ಕಾಯಿಲೆ ವಾಸಿಯಾಗುತ್ತದೆಯೇ ಎಂದು ಕೇಳಿದವರಿಗೆಲ್ಲ ಮೊದಲು ಅದನ್ನೇ ಹೇಳುತ್ತಾರೆ.

“ಔಷಧಿ ಔಷಧೀನೇ. ಅದನ್ನ ಬುಡ್ಬೇಡಿ ಅಂತ ನಾನೇ ಕೈಗೆ ಕೊಟ್ಟು ನುಂಗಿಸ್ತೀನಿ. ಮರ ನಮ್ಮೋರನ್ನ ಉಳ್ಸಲಿಲ್ಲ. ಆದ್ರೆ ಆ ಹನ್ನೊಂದು ತಿಂಗ್ಳು ಅವ್ರು ರೋಗಿಯಂಗೆ ಇರ್ಲಿಲ್ಲ, ದಾಸಪ್ಪನಂಗೆ ಇದ್ರು. ಹೋಗೋ ಹಿಂದಿನ ದಿನಾನೂ ಅವರೆ ಬಳ್ಳಿಗೆ ಕೋಲು ಕಟ್ಟಿದ್ರು.”

ತಿಥಿ ಮುಗಿಸಿಕೊಂಡು ಪಿಳ್ಳಮ್ಮ ಊರಿನಲ್ಲಿದ್ದದ್ದು ಮೂರೇ ವಾರ. ಆಮೇಲೆ ತಿರುಗಿ ಬಂದು ಕೆಲಸ ಕೇಳಿದರು.  ಅವರೆ ಬಳ್ಳಿಗೆ ನೀರು ಹಾಕುವವರಿರಲಿಲ್ಲವಂತೆ.

ಎಪ್ಪತ್ತರ ದಶಕದ ಕೊನೆಗೆ ಕ್ಷಯಕ್ಕೆ ಮನೆಯಲ್ಲೇ ಮಾತ್ರೆ ನುಂಗುವ ಕಾಲ ಬಂತು. ಮಂಚಗಳು ಖಾಲಿ ಬಿದ್ದವು. ಆರೈಕೆ ಮನೆ ನಡೆಸುವ ಸಮಿತಿಯವರು ಯೋಚಿಸಿ ಅದನ್ನು ಮನೋವ್ಯಾಧಿಯಿಂದ ಚೇತರಿಸಿಕೊಳ್ಳುವವರಿಗೆ ಬಿಟ್ಟುಕೊಟ್ಟರು. ಹೊಸದಾಗಿ ಬಂದವರು ಕೆಮ್ಮುತ್ತಿರಲಿಲ್ಲ, ಆದರೆ ಹಳಬರಂತೆಯೇ ಉಣ್ಣುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ಪಿಳ್ಳಮ್ಮನಿಗೆ ಇದರಲ್ಲಿ ಹೊಸತೇನೂ ಕಾಣಲಿಲ್ಲ. ಒಬ್ಬರಿಗೆ ಒಂದು ಪಾತಿಯಂತೆ ತೋಟವನ್ನು ಹಂಚಿದರು. ಮೂಲಂಗಿ, ಕೊತ್ತಂಬರಿ, ಬೀನ್ಸು, ಕೋಸು. “ಮೂಲಂಗಿ ಮೊದ್ಲು ಹಾಕುಸ್ತೀನಿ,” ಎನ್ನುತ್ತಾರೆ. “ಮೂರೇ ದಿನಕ್ಕೆ ಮೊಳಕೆ ಕಣ್ಣಿಗೆ ಬೀಳ್ತದೆ. ಈ ಜನಕ್ಕೆ ಜಾಸ್ತಿ ದಿನ ಕಾಯೋ ಶಕ್ತಿ ಇರಲ್ಲ.” ಬೆಳಿಗ್ಗೆ ಕೆರೆಗೆ ಹೋಗುವುದೂ ಆಗಲೇ ಶುರುವಾಯಿತು. ಡಾಕ್ಟರು ಬೇಡವೆನ್ನಲಿಲ್ಲ, ಹಾಗೆಂದು ಮನಸಾರೆ ಒಪ್ಪಲೂ ಇಲ್ಲ. ತೋಟದ ಕೂಲಿಯೊಬ್ಬಳು ರೋಗಿಗಳನ್ನು ಸುತ್ತಾಡಿಸುತ್ತಾಳೆ, ಅಷ್ಟೇ ಎಂದುಕೊಂಡಿದ್ದರು.

೧೯೮೧ರ ಬೇಸಿಗೆಯಲ್ಲಿ ಬಂದವನು ಚಿನ್ನಪ್ಪ. ಮತ್ತಿಗಿರಿಯವನು, ಇಪ್ಪತ್ತಾರು ವರ್ಷ. ಹೊಲದ ಮನೆಯ ಹುಡುಗ, ಹೊಸೂರಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವನ ಪಕ್ಕದ ಪ್ರೆಸ್ ಮೆಷೀನಿನಲ್ಲಿ ನಿಂತಿದ್ದ ಗೆಳೆಯನ ಮೂರು ಬೆರಳು ಅವನ ಕಣ್ಣೆದುರೇ ಹೋಗಿದ್ದವು. ಅವತ್ತಿನಿಂದ ಚಿನ್ನಪ್ಪ ತನ್ನ ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ಕೂತುಬಿಟ್ಟ. ನಿದ್ದೆಯಿಲ್ಲ, ಮಾತಿಲ್ಲ. ಹೆಂಡತಿ ಗೋವಿಂದಮ್ಮ ತುತ್ತು ಮಾಡಿ ಬಾಯಿಗಿಡಬೇಕು. ದೊಡ್ಡಾಸ್ಪತ್ರೆಯಲ್ಲಿ ಎರಡು ತಿಂಗಳಿದ್ದು, ಔಷಧಿಯಿಂದ ಒಂದಿಷ್ಟು ನಿದ್ದೆ ಬಂತೇ ಹೊರತು ಕೈ ಹೊರಗೆ ಬರಲಿಲ್ಲ.

ಅವನಿಗೂ ಒಂದು ಪಾತಿ ಕೊಟ್ಟರು. ಅವನು ಬೀಜ ಮುಟ್ಟಲಿಲ್ಲ, ಪಿಳ್ಳಮ್ಮನೇ ಹಾಕಿದರು. ಪಾತಿಯ ಮುಂದೆ ಕೂತು ನೋಡುತ್ತಿದ್ದ. ಬೆಳಿಗ್ಗೆ ಸಾಲಿನ ಕೊನೆಯಲ್ಲಿ ಬರುತ್ತಿದ್ದ. ಐದು ತಿಂಗಳು ಹೀಗೇ ನಡೆಯಿತು.

ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಆರು ಜನರನ್ನು ಕೆರೆಗೆ ಕರೆದುಕೊಂಡು ಹೋಗಿದ್ದ ಪಿಳ್ಳಮ್ಮ ಐದು ಜನರ ಜೊತೆ ವಾಪಸು ಬಂದರು. ಏರಿಯಿಂದ ಇಳಿಯುವಾಗ ಒಬ್ಬ ಮುದುಕಿಗೆ ತಲೆ ಸುತ್ತಿ ಬಂದಿತ್ತು. ಅವರನ್ನು ಆತುಕೊಂಡು ನಡೆಸುವ ಗಡಿಬಿಡಿಯಲ್ಲಿ ಹಿಂದಕ್ಕೆ ತಿರುಗಿ ನೋಡಿರಲಿಲ್ಲ. ಗೇಟಿನ ಹತ್ತಿರ ನೋಡಿದರೆ ಚಿನ್ನಪ್ಪನಿಲ್ಲ.

ರಾಗಿ ತೆನೆ ಬಲಿತು ನಿಂತ ಕಾಲ. ತೆನೆಯ ವಾಸನೆಗೆ ಆನೆಗಳು ಕಾಡಿನಿಂದ ಇಳಿದು ಹೊಲಗಳ ಅಂಚಿನಲ್ಲೇ ಬೀಡು ಬಿಟ್ಟಿದ್ದವು. ಹಿಂದಿನ ವಾರವಷ್ಟೇ ಪಕ್ಕದ ಊರಿನಲ್ಲಿ ಕಾವಲಿಗೆ ಹೋದ ಒಬ್ಬರನ್ನು ತುಳಿದಿದ್ದವು. ಪಿಳ್ಳಮ್ಮ ಐದು ಜನರನ್ನು ಒಳಗೆ ಬಿಟ್ಟು, ನರ್ಸ್ ಶ್ಯಾಮಲಮ್ಮನವರಿಗೆ ವಿಷಯ ತಿಳಿಸಿ, ಬಂದ ದಾರಿಯಲ್ಲೇ ಓಡಿದರು. ಕೆರೆ ಸುತ್ತಿದರು. ಹಳ್ಳ ಇಳಿದರು. ಸಿಕ್ಕಿದವರನ್ನೆಲ್ಲ ಕೇಳಿದರು. ಹೊತ್ತು ನೆತ್ತಿಗೆ ಬಂತು, ಇಳಿಯಿತು. “ಅವತ್ತು ಒಂದು ಗಳಿಗೇನೂ ಕೂರ್ಲಿಲ್ಲ,” ಎನ್ನುತ್ತಾರೆ. “ಗೋವಿಂದಮ್ಮನ ಮುಖಾನೇ ಕಣ್ಣ ಮುಂದೆ. ಅವ್ಳು ಭಾನುವಾರ ಬಂದು ಕೇಳಿದ್ರೆ ಏನು ಹೇಳ್ಲಿ?”

ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ, ಕೆರೆಯಿಂದ ಮೂರು ಮೈಲಿ ದೂರದ ಒಂದು ಹೊಲದಲ್ಲಿ ಅವನು ಸಿಕ್ಕ. ಮುನಿಯಪ್ಪ ಎಂಬ ರೈತರ ಹೊಲ. ಆನೆ ನುಗ್ಗುವ ಮುಂಚೆ ತೆನೆ ಮನೆಗೆ ಸೇರಲೆಂದು ಮನೆಮಂದಿಯೆಲ್ಲ ಬೆಳಿಗ್ಗೆಯೇ ಕುಯ್ಲಿಗೆ ಇಳಿದಿದ್ದರು. ಕುಯ್ಯುವವರ ಸಾಲಿನ ಕೊನೆಯಲ್ಲಿ ಬಗ್ಗಿದ್ದವನು ಚಿನ್ನಪ್ಪ. ಎಡಗೈ ರಾಗಿಯ ಬುಡ ಹಿಡಿದಿತ್ತು. ಬಲಗೈಯಲ್ಲಿ ಕುಡುಗೋಲಿತ್ತು.

“ಯಾರೋ ಏನೋ, ಬಂದು ಬದುವಿನ ಮೇಲೆ ಒಂದು ಗಂಟೆ ನಿಂತಿದ್ದ ಕಣಮ್ಮ,” ಎಂದರು ಮುನಿಯಪ್ಪ. “ಯಾವೂರು ಅಂದ್ರೆ ಮಾತಿಲ್ಲ. ಆಮೇಲೆ ತಾನೇ ಬಂದು ನನ್ನ ಮಗಳ ಕೈಯಿಂದ ಕುಡುಗೋಲು ಇಸ್ಕೊಂಡ. ಪಾಪ, ಕುಯ್ಲು ಬಲ್ಲೋನು. ಒಂದು ತೆನೆ ಬುಟ್ಟಿಲ್ಲ.”

ಪಿಳ್ಳಮ್ಮ ಬದುವಿನ ಮೇಲೆ ಕೂತರು. ಬಯ್ಯಬೇಕೆಂದುಕೊಂಡು ಬಂದಿದ್ದರು. ಚಿನ್ನಪ್ಪ ತಲೆಯೆತ್ತಿ ಅವರನ್ನು ನೋಡಿದ. ಬೆವರಿನಿಂದ ಮುಖ ತೊಯ್ದಿತ್ತು.

“ಅಕ್ಕ, ಈ ಸಾಲು ಮುಗಿಸ್ಬುಟ್ಟು ಬತ್ತೀನಿ,” ಎಂದ.

ಪಿಳ್ಳಮ್ಮನಿಗೆ ಗೊತ್ತಿತ್ತು, ಆರೈಕೆ ಮನೆಯಲ್ಲಿ ಎಲ್ಲರೂ ಜೀವ ಕೈಯಲ್ಲಿ ಹಿಡಿದು ಕಾಯುತ್ತಿದ್ದಾರೆ. ತಡವಾದಷ್ಟೂ ತನ್ನ ತಪ್ಪು ದೊಡ್ಡದಾಗುತ್ತದೆ. ಕೈ ಹಿಡಿದು ಎಳೆದುಕೊಂಡು ಹೊರಟುಬಿಡಬಹುದಿತ್ತು. ಆದರೆ ಆ ಕೈ ಆಗ ಖಾಲಿ ಇರಲಿಲ್ಲ. ಅವರು ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಇನ್ನೊಂದು ಕುಡುಗೋಲು ಕೇಳಿ ಈಸಿಕೊಂಡು ಅವನ ಪಕ್ಕದಲ್ಲಿ ಬಗ್ಗಿದರು. ಮುಕ್ಕಾಲು ಗಂಟೆ ಹಿಡಿಯಿತು. ಸಾಲು ಮುಗಿದ ಮೇಲೆ ಮುನಿಯಪ್ಪನ ಮನೆಯವರು ಹುರುಳಿ ಸಾರು, ಮುದ್ದೆ ಇಟ್ಟರು. ಚಿನ್ನಪ್ಪ ತನ್ನ ಕೈಯಿಂದ ತಾನೇ ಮುದ್ದೆ ಮುರಿದು ಉಂಡ. ಪಿಳ್ಳಮ್ಮ ಉಣ್ಣದೆ ಅದನ್ನೇ ನೋಡುತ್ತ ಕೂತರು.

ಅವರು ಗೇಟು ಸೇರಿದಾಗ ಹೊತ್ತು ಮುಳುಗುತ್ತಿತ್ತು.

ಮೂರು ದಿನದ ಮೇಲೆ ಸಮಿತಿಯವರು ಕೂಡಿದರು. ಪಿಳ್ಳಮ್ಮನನ್ನು ಕರೆದು ನಿಲ್ಲಿಸಿ ಕೇಳಿದರು. ಸಿಕ್ಕಿದ ಮೇಲೂ ಯಾಕೆ ತಡ ಮಾಡಿದೆ ಎಂಬುದೇ ಅವರ ದೊಡ್ಡ ಪ್ರಶ್ನೆ.

“ಸಾಲು ಮುಗಿದಿರ್ಲಿಲ್ಲ,” ಎಂದರು ಪಿಳ್ಳಮ್ಮ.

 ಕೇಳುತ್ತಿದ್ದವರಿಗೆ ಈ ಉತ್ತರ ಅರ್ಥವಾಗಲಿಲ್ಲ. ಡಾಕ್ಟರು ನರಸಿಂಹಪ್ಪನವರೂ ಅವತ್ತು ಅವರ ಪರವಾಗಿ ಮಾತಾಡಲಿಲ್ಲ. ಗೇಟಿಗೆ ಬೀಗ ಬಿತ್ತು. ಕೆರೆಗೆ ಹೋಗುವುದು ನಿಂತಿತು. ತೋಟಕ್ಕೂ ಯಾರನ್ನೂ ಬಿಡಬಾರದೆಂದಾಯಿತು. ಪಿಳ್ಳಮ್ಮನನ್ನು ಬಟ್ಟೆ ಒಗೆಯುವ ಕೆಲಸಕ್ಕೆ ಹಾಕಿದರು.

ಬಟ್ಟೆ ಕಲ್ಲಿನ ಹತ್ತಿರ ನಿಂತರೆ ತೋಟ ಕಾಣುತ್ತಿತ್ತು. ಹತ್ತು ದಿನದಲ್ಲಿ ಕೊತ್ತಂಬರಿ ಹೂವಿಗೆ ಬಂತು. ಬೀನ್ಸು ಬಲಿತು ನಾರಾಯಿತು. ಯಾರೂ ಕೀಳಲಿಲ್ಲ. ಪಂಪ್‌ಸೆಟ್ ಹಾಕಿ ನೀರು ಬಿಡಲು ಒಬ್ಬ ಆಳು ಬರುತ್ತಿದ್ದ, ಬಿಟ್ಟು ಹೋಗುತ್ತಿದ್ದ. ಕಪಿಲೆ ನಿಂತು ಆಗಲೇ ಮೂರು ವರ್ಷವಾಗಿತ್ತು. ಆ ದಿನಗಳಲ್ಲಿ ರಾಮಾಂಜಿನಪ್ಪನ ಹಾಡು ತನಗೆ ಬಹಳ ನೆನಪಾಗುತ್ತಿತ್ತು ಎನ್ನುತ್ತಾರೆ ಪಿಳ್ಳಮ್ಮ. ಸಂಜೆ ಕೆಲಸ ಮುಗಿಸಿ ನಾಟ್ರಾಂಪಾಳ್ಯಕ್ಕೆ ಹೋಗಿಬಿಡೋಣ ಎಂದು ಎರಡು ಸಲ ಗಂಟು ಕಟ್ಟಿದ್ದರಂತೆ. ಎರಡು ಸಲವೂ ಬಿಚ್ಚಿದರು.

ಒಳಗೆ ಏನಾಗುತ್ತಿದೆ ಎಂಬುದನ್ನು ಗಮನಿಸಿದವರು ನರ್ಸ್ ಶ್ಯಾಮಲಮ್ಮ. ರಾತ್ರಿ ಯಾರಿಗೆ ನಿದ್ದೆ ಮಾತ್ರೆ ಕೊಟ್ಟೆ ಎಂದು ಬರೆದಿಡುವುದು ಅವರ ಕೆಲಸ. ಗೇಟು ಮುಚ್ಚುವ ಮುಂಚೆ ದಿನಕ್ಕೆ ಐದೋ ಆರೋ ಮಾತ್ರೆ ಖರ್ಚಾಗುತ್ತಿತ್ತು. ನಾಲ್ಕು ವಾರದಲ್ಲಿ ಅದು ಹನ್ನೊಂದಾಯಿತು, ಆರನೇ ವಾರಕ್ಕೆ ಹದಿನೇಳು. ಇಪ್ಪತ್ತೆರಡು ಜನರಲ್ಲಿ ಹದಿನಾಲ್ಕು ಜನರ ತೂಕ ಇಳಿದಿತ್ತು. ರಕ್ತದೊತ್ತಡ ಹತೋಟಿಗೆ ಬಂದಿದ್ದ ನಾಲ್ವರಿಗೆ ಮತ್ತೆ ಏರಿತ್ತು. ಊಟದ ಕೋಣೆಯಲ್ಲಿ ಎರಡು ಸಲ ಕೈಕೈ ಮಿಲಾಯಿಸಿದ್ದರು. ಚಿನ್ನಪ್ಪನ ಕೈ ಎರಡೇ ವಾರದಲ್ಲಿ ಮತ್ತೆ ಕಂಕುಳ ಸೇರಿತ್ತು.

ಶ್ಯಾಮಲಮ್ಮ ಮಿತಭಾಷಿ. ಪುಸ್ತಕವನ್ನು ಡಾಕ್ಟರ ಮೇಜಿನ ಮೇಲೆ ಬಿಚ್ಚಿಟ್ಟು ಅಂದದ್ದು ಇಷ್ಟೇ. “ಸರ್, ಎರಡು ತಿಂಗಳ ಹಿಂದಿನದ್ದೂ ಈ ತಿಂಗಳದ್ದೂ ಒಂದು ಸಲ ನೋಡ್ಬಿಡಿ. ಔಷಧಿ ಏನೂ ಬದಲಾಯಿಸಿಲ್ಲ. ಬದಲಾಗಿರೋದು ಗೇಟು ಒಂದೇ.”

ಡಾಕ್ಟರು ನೋಡಿದರು. ಮಾರನೆಯ ದಿನ ಬಟ್ಟೆ ಕಲ್ಲಿನ ಹತ್ತಿರ ಬಂದು ನಿಂತರು. ಪಿಳ್ಳಮ್ಮ ಬಗ್ಗಿದವರು ಏಳಲಿಲ್ಲ.

“ಪಿಳ್ಳಮ್ಮ, ನಾಳೆ ಬೆಳಿಗ್ಗೆ ನನ್ನನ್ನ ಕೆರೆಗೆ ಕರ್ಕೊಂಡು ಹೋಗ್ತೀರಾ?”

“ಬೀಗ ನಿಮ್ಮ ತಾವೇ ಐತಲ್ಲ ಸ್ವಾಮಿ.”

“ದಾರಿ ನಿಮಗೆ ಗೊತ್ತಲ್ಲ.”

ಒಂಬತ್ತು ವರ್ಷ ಅಲ್ಲಿ ಕೆಲಸ ಮಾಡಿದ್ದರೂ ನರಸಿಂಹಪ್ಪನವರು ಆ ಏರಿ ಹತ್ತಿರಲಿಲ್ಲ. ಅವತ್ತು ಹತ್ತಿದರು. ಪಿಳ್ಳಮ್ಮ ಎಂದಿನಂತೆ ಏನೂ ಹೇಳದೆ ದೂರ ಕೂತರು. ಡಾಕ್ಟರು ಮೊದಲು ಗಡಿಯಾರ ನೋಡುತ್ತಿದ್ದರು, ಆಮೇಲೆ ನೋಡಲಿಲ್ಲ. ನೀರು ನೋಡುತ್ತ ಕೂತವರು ಸ್ವಲ್ಪ ಹೊತ್ತಿಗೆ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. ಆ ವರ್ಷ ಅವರ ತಾಯಿ ತೀರಿಕೊಂಡಿದ್ದರು. ಆ ಸಂಗತಿ ಆರೈಕೆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಆದರೆ ಅವರು ಅದರ ಬಗ್ಗೆ ಯಾರ ಹತ್ತಿರವೂ ಒಂದು ಮಾತೂ ಆಡಿರಲಿಲ್ಲ. ಅವತ್ತು ಇಳಿದು ಬರುವಾಗ ದಾರಿಯುದ್ದಕ್ಕೂ ತಾಯಿಯ ಮಾತೇ ಆಡಿದರು. ಅಮ್ಮ ಬೆಳಿಗ್ಗೆ ಎದ್ದು ಅವರೆಕಾಯಿ ಬಿಡಿಸುತ್ತಿದ್ದುದು, ಬೆರಳಿಗೆ ಅಂಟುತ್ತಿದ್ದ ಸೊಗಡು. ಪಿಳ್ಳಮ್ಮ ಹೂಂಗುಟ್ಟುತ್ತ ಬಂದರು.

ಈಗ ಅರವತ್ತರ ಹತ್ತಿರವಿರುವ ಡಾಕ್ಟರು ಆ ದಿನವನ್ನು ಮರೆಮಾಚುವುದಿಲ್ಲ. “ಬಾಗಿಲು ಹಾಕೋದೇ ಕ್ಷೇಮ ಅಂದ್ಕೊಂಡಿದ್ದೆ. ಅದು ನನ್ನ ತಪ್ಪು. ಆಕೆ ಮಾಡೋದು ಕೂಡ ಚಿಕಿತ್ಸೆಯ ಒಂದು ಭಾಗ ಅಂತ ತಿಳಿಯೋಕೆ ನನಗೆ ಒಂಬತ್ತು ವರ್ಷ ಬೇಕಾಯ್ತು. ಅದೂ ನಾನು ಓದಿದ ಪುಸ್ತಕದಿಂದ ಅಲ್ಲ, ಸಿಸ್ಟರ್ ತೋರಿಸಿದ ಪುಸ್ತಕದಿಂದ.”

ಸಮಿತಿಯವರು ಸುಲಭಕ್ಕೆ ಒಪ್ಪಲಿಲ್ಲ. ಡಾಕ್ಟರು ಎರಡು ಸಲ ಕೂತು ವಾದಿಸಿದರು. ಕೊನೆಗೆ ಕೆಲವು ಕಟ್ಟುಪಾಡುಗಳೊಡನೆ ಗೇಟು ತೆರೆಯಿತು: ಸಾಲಿನ ಮುಂದೊಬ್ಬರು, ಹಿಂದೊಬ್ಬರು ಇರಬೇಕು. ಮೂರು ಕಡೆ ತಲೆ ಎಣಿಸಬೇಕು. ರಾಗಿ ಬಲಿಯುವ ತಿಂಗಳಲ್ಲಿ ಏರಿಯಿಂದಾಚೆಗೆ ಕಾಲಿಡಬಾರದು. ಪಿಳ್ಳಮ್ಮ ಇದನ್ನೆಲ್ಲ ತಲೆಬಾಗಿ ಒಪ್ಪಿಕೊಂಡರು.

“ಅವ್ರು ಹಾಕಿದ್ದು ಸರಿಯಾಗೇ ಐತೆ. ತಪ್ಪು ನಂದೂ ಇತ್ತು. ಹಿಂದೆ ತಿರುಗಿ ನೋಡ್ಬೇಕಿತ್ತು, ನೋಡ್ಲಿಲ್ಲ. ಅವತ್ತು ಆನೆ ಎದುರಾಗಿದ್ರೆ ಈ ಕಥೆ ಹೇಳೋಕೆ ನಾನು ಇಲ್ಲಿ ಇರ್ತಿರ್ಲಿಲ್ಲ.”

ಗೇಟು ತೆರೆದ ಮೊದಲ ಬೆಳಿಗ್ಗೆ ಎಂಟೇ ಜನ ಬಂದರು. ಎಂಟನೆಯವನು ಚಿನ್ನಪ್ಪ. ಪಿಳ್ಳಮ್ಮ ಅವತ್ತು ಅವನನ್ನು ಕೆರೆಗೆ ಕರೆದೊಯ್ಯದೆ ತೋಟಕ್ಕೆ ಕರೆದು, ಆಳೆತ್ತರ ಬೆಳೆದಿದ್ದ ಕಳೆ ತೋರಿಸಿ, ಒಂದು ಕುಡುಗೋಲು ನೆಲದ ಮೇಲಿಟ್ಟು, ಮಿಕ್ಕ ಏಳು ಜನರೊಡನೆ ಕೆರೆಗೆ ಹೋದರು. ತಿರುಗಿ ಬಂದಾಗ ಅರ್ಧ ತೋಟ ಸ್ವಚ್ಛವಾಗಿತ್ತು.

ಮುಂದಿನ ಯುಗಾದಿಯ ಹೊತ್ತಿಗೆ ಅವನು ಮನೆಗೆ ಹೋದ. ಅದೇ ಕಾರ್ಖಾನೆ ಅವನನ್ನು ಮೆಷೀನಿನ ಬದಲು ಸ್ಟೋರ್ಸಿನಲ್ಲಿ ಕೆಲಸಕ್ಕೆ ತೆಗೆದುಕೊಂಡಿತು. ಈಗ ಎರಡು ಮಕ್ಕಳ ತಂದೆ. ಮಾತ್ರೆ ಇನ್ನೂ ಇದೆ, ಆದರೆ ಮೂರರಿಂದ ಒಂದಕ್ಕೆ ಇಳಿದಿದೆ. ಬೆಳಗಿನ ಶಿಫ್ಟ್ ಇಲ್ಲದ ದಿನ ತಮ್ಮ ಹೊಲದಲ್ಲಿರುತ್ತಾನೆ. “ಸೈರನ್ ಕೂಗಿದ್ರೆ ಈಗ್ಲೂ ಒಂದೊಂದು ಸಲ ಎದೆ ಹೊಡ್ಕೊಳ್ತದೆ,” ಎನ್ನುತ್ತಾನೆ ಚಿನ್ನಪ್ಪ. “ಲಂಚ್ ಟೈಮಲ್ಲಿ ಕಾಂಪೌಂಡ್ ಪಕ್ಕ ಒಂದು ಹೊಂಗೆ ಸಸಿ ನೆಟ್ಟಿದ್ದೀನಿ. ಅದ್ರ ತಾವ ಹೋಗಿ ಐದು ನಿಮಿಷ ಕೂತ್ಕೊಂಡು ಬತ್ತೀನಿ. ಜೊತೆಯೋರು ನಗ್ತಿದ್ರು. ಈಗ ಇಬ್ಬರು ಮೂವರು ಅವ್ರೂ ಬತ್ತಾರೆ.”

ಎಲ್ಲರ ಕಥೆಯೂ ಹೀಗೆ ಮುಗಿಯುವುದಿಲ್ಲ. ಆದಿಲಕ್ಷ್ಮಮ್ಮ ಎಂಬ ಹೆಂಗಸು ಕೂಸು ಕಳೆದುಕೊಂಡು ಬಂದಿದ್ದರು. ಎಂಟು ತಿಂಗಳು ಒಂದು ದಿನವೂ ತಪ್ಪಿಸದೆ ಏರಿಗೆ ಬಂದರು. ಅವರ ಪಾತಿಯ ಕೋಸು ಎಲ್ಲರಿಗಿಂತ ದಪ್ಪ ಬಂತು. ಆದರೂ ಅವರು ಬಂದಷ್ಟೇ ಮೌನವಾಗಿ ಅಣ್ಣನ ಜೊತೆ ಹೊರಟುಹೋದರು. “ಅವ್ಳಿಗೆ ಏನು ಮಾಡ್ಬೇಕಿತ್ತು ಅಂತ ನನಗೆ ಈಗ್ಲೂ ತಿಳೀದು,” ಎನ್ನುವ ಪಿಳ್ಳಮ್ಮ, ಆದಿಲಕ್ಷ್ಮಮ್ಮನ ಊರಿನ ಕಡೆಯ ಬಸ್ಸು ನಿಂತಾಗಲೆಲ್ಲ ಇಳಿಯುವವರನ್ನು ನೋಡುತ್ತಾರೆ.

ಈಗ ಅವರ ದಿನಚರಿ ಹೀಗಿದೆ. ನಸುಕಿಗೆ ಕೆರೆ. ಎಂಟಕ್ಕೆ ಗಂಜಿ. ಆಮೇಲೆ ತೋಟ, ಇಪ್ಪತ್ತನಾಲ್ಕು ಪಾತಿ. ಸಂಜೆ ನಾಲ್ಕಕ್ಕೆ ನಡೆಯಲಾಗದವರಿಗೆ ಹುಣಸೆ ತೋಪಿನವರೆಗೆ ಒಂದು ಸುತ್ತು. ದಿನಕ್ಕೆ ಐದು ಮೈಲಿಯಾದರೂ ಆಗುತ್ತದೆ. ಈ ಹತ್ತು ವರ್ಷದಲ್ಲಿ ಎಷ್ಟು ಜನ ತಮ್ಮ ಜೊತೆ ನಡೆದರು ಎಂಬುದು ಅವರಿಗೆ ಗೊತ್ತಿಲ್ಲ. ಶ್ಯಾಮಲಮ್ಮನವರ ಪುಸ್ತಕದ ಪ್ರಕಾರ ಗೇಟು ಮತ್ತೆ ತೆರೆದ ಮೇಲೆಯೇ ಇನ್ನೂರ ಹದಿಮೂರು. ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಮೂರು ತಿಂಗಳೊಳಗೆ ನಿದ್ದೆ ಮಾತ್ರೆ ನಿಂತಿದೆ ಅಥವಾ ಕಡಿಮೆಯಾಗಿದೆ.

ಮುಂದಿನ ವರ್ಷ ಪಿಳ್ಳಮ್ಮನಿಗೆ ಐವತ್ತೆಂಟು. ಆರೈಕೆ ಮನೆಯ ನಿಯಮದಂತೆ ಕೆಲಸದಿಂದ ಬಿಡುಗಡೆ. ಮಗಳು ಅಂಜಮ್ಮ ಊರಿಗೆ ಕರೆಯುತ್ತಿದ್ದಾಳೆ. ಹೋಗುವುದಕ್ಕೆ ಅವರಿಗೆ ಬೇಸರವಿಲ್ಲ. ಕೆರೆಗೆ ಕರೆದೊಯ್ಯಲು ಅಡುಗೆಮನೆಯ ಅಶ್ವತ್ಥಮ್ಮ ಈಗಾಗಲೇ ಸಾಲಿನ ಹಿಂದೆ ನಡೆದು ಅಭ್ಯಾಸ ಮಾಡಿಕೊಳ್ಳುತ್ತಿದ್ದಾರೆ.

ಕೊನೆಯದಾಗಿ ಏನಾದರೂ ಆಸೆ ಇದೆಯೇ ಎಂದರೆ ಪಿಳ್ಳಮ್ಮ ಎದ್ದು ಹೊರಡುತ್ತಾರೆ. ಕಟ್ಟಡದ ಮಗ್ಗುಲಲ್ಲಿ ಹಾಸಿಗೆ ಬಿಟ್ಟು ಏಳಲಾಗದವರಿಗಾಗಿ ಒಂದು ಹೊಸ ಕೋಣೆ ಏಳುತ್ತಿದೆ. ಗೋಡೆ ಮೊಣಕಾಲೆತ್ತರಕ್ಕೆ ಬಂದಿದೆ. ಗಾರೆ ಕೆಲಸದ ಲಕ್ಷ್ಮಣಪ್ಪ ಇಟ್ಟಿಗೆಗೆ ನೀರು ಹಾಕುತ್ತಿದ್ದಾರೆ.

“ಲಕ್ಷ್ಮಣಪ್ಪ, ಕಿಟಕಿ ಎಷ್ಟು ಎತ್ತರಕ್ಕೆ ಇಡ್ತೀಯಪ್ಪ?”

“ಎಲ್ಲಾ ಕಡೆ ಇಡೋ ಹಂಗೇ ಅಕ್ಕ. ಎದೆಮಟ್ಟ.”

“ಎದೆಮಟ್ಟ ನಿಂತಿರೋರಿಗೆ ಅಲ್ವಾ? ಇಲ್ಲಿ ಯಾರು ನಿಂತ್ಕೊಳ್ತಾರೆ?”

ಲಕ್ಷ್ಮಣಪ್ಪ ಕೈ ನಿಲ್ಲಿಸಿ ನೋಡುತ್ತಾರೆ. ಡಾಕ್ಟರ ಹತ್ತಿರ ಮಾತಾಡಿದ್ದೇನೆ, ಅವರು ಹೂಂ ಅಂದಿದ್ದಾರೆ ಎನ್ನುತ್ತಾರೆ ಪಿಳ್ಳಮ್ಮ. ಜಗಲಿಯ ಮೇಲಿದ್ದ ಕಬ್ಬಿಣದ ಮಂಚವೊಂದನ್ನು ಇಬ್ಬರೂ ಹಿಡಿದು ತಂದು ಅರೆಗೋಡೆಗಳ ನಡುವೆ ಇಡುತ್ತಾರೆ. ಪಿಳ್ಳಮ್ಮ ಚಪ್ಪಲಿ ಬಿಟ್ಟು, ಕಂಬಳಿ ಮಡಿಸಿ ತಲೆಯ ಕೆಳಗಿಟ್ಟುಕೊಂಡು, ಆ ಬರಿ ಮಂಚದ ಮೇಲೆ ನೀಳವಾಗಿ ಮಲಗುತ್ತಾರೆ. ಹದಿನೈದು ವರ್ಷದಲ್ಲಿ ಹಗಲು ಹೊತ್ತಿನಲ್ಲಿ ಅವರು ಮಲಗಿದ್ದನ್ನು ಇಲ್ಲಿ ಯಾರೂ ಕಂಡಿಲ್ಲ. ಕತ್ತು ಹೊರಳಿಸಿ ಹೊರಗೆ ನೋಡುತ್ತಾರೆ. ಲಕ್ಷ್ಮಣಪ್ಪ ಗೋಡೆಯ ಮೇಲೆ ಒಂದು ಇಟ್ಟಿಗೆ ಇಟ್ಟು, ಇನ್ನೊಂದನ್ನು ಅದರ ಮೇಲಿಡಲು ಹೋಗುತ್ತಾರೆ.

“ಬೇಡ. ಅಷ್ಟಕ್ಕೇ ನಿಲ್ಸು,” ಎನ್ನುತ್ತಾರೆ ಪಿಳ್ಳಮ್ಮ. “ಈಗ ನೆಲ ಕಾಣ್ತಾ ಐತೆ.”